ಪುಂಡಿ ನಾರು ಅವರ ಕೈಗೆ ಕೊಡಿ

ಅಕ್ಕಾ,

ನಾನು ಹೆಗ್ಗೋಡಿನ ಹತ್ತಿರದ ಒಂದು ಹಳ್ಳಿಯವಳು. ವಯಸ್ಸು ಐವತ್ತನಾಲ್ಕು. ನಾವು ದೀವರು. ಓದಿದ್ದು ಏಳನೇ ಕ್ಲಾಸಿನವರೆಗೆ. ಹಸೆಗೋಡೆ ಚಿತ್ತಾರ ಬರೆಯೋದು ನನಗೆ ಅವ್ವನಿಂದ ಬಂತು. ಸಣ್ಣವಳಿದ್ದಾಗ ಅವ್ವ ಅಕ್ಕಿ ಅರೆಯೋಕೆ ಹೇಳ್ತಿದ್ದಳು. ಆಮೇಲೆ ಅವಳು ಎಳೆದ ಎಳೆಗಳ ಮಧ್ಯೆ ಬಣ್ಣ ತುಂಬೋಕೆ ಬಿಟ್ಟಳು. ಹನ್ನೆರಡು ವರ್ಷ ತುಂಬಿದ ಮೇಲೆ ಬಾಗಿಲ ಹಿಂದಿನ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಒಂದು ಎಳೆ ಎಳಿ ಅಂದಳು. ಈಗ ಸುತ್ತಿನ ಊರಲ್ಲಿ ಮದುವೆ ನಿಂತರೆ ಹಸೆ ಬರೆಯೋಕೆ ನನ್ನನ್ನೇ ಕರೀತಾರೆ.

ನಮ್ಮ ಸ್ತ್ರೀಶಕ್ತಿ ಸಂಘದವರು, ಇದನ್ನು ಹುಡುಗಿಯರಿಗೆ ಕಲಿಸು, ಸಮುದಾಯ ಭವನದಲ್ಲಿ ತರಗತಿ ಮಾಡು ಅಂದರು. ಹೋದ ತಿಂಗಳು ಒಂದು ಭಾನುವಾರ ಮಾಡಿದೆ. ಹದಿನೆಂಟು ಜನ ಬಂದಿದ್ದರು. ನಮ್ಮ ಕೇರಿಯ ಹುಡುಗಿಯರು, ಶಾಲೆಯ ಒಬ್ಬ ಟೀಚರು, ಬೆಂಗಳೂರಿಂದ ಬಂದು ಇಲ್ಲಿ ಉಳಕೊಂಡಿರೋ ಇಬ್ಬರು, ಪಿಯುಸಿ ಓದೋ ಒಬ್ಬ ಹುಡುಗ. ನಾನು ಗೋಡೆಗೆ ಕೆಮ್ಮಣ್ಣು ಬಳಿದು ಬರೀತಾ ಹೋದೆ. ಮಳೆಗೆ ಗೋಡೆ ಒಣಗದೆ ಬಿಳಿ ಎಲ್ಲ ಹರಡಿತು. ಎಲ್ಲರೂ ಮೊಬೈಲಲ್ಲಿ ಫೋಟೋ ತೆಗೆದರು. ಎರಡು ಗಂಟೆ ಆದಮೇಲೆ ಈಗ ನೀವು ಬರೀರಿ ಅಂದರೆ ಒಬ್ಬರ ಕೈಯೂ ಓಡಲಿಲ್ಲ. ಒಬ್ಬಳು ಹುಡುಗಿ, ಎರಡು ಎಳೆ ಮಧ್ಯೆ ಎಷ್ಟು ಇಂಚು ಬಿಡಬೇಕು ಆಂಟಿ ಅಂತ ಕೇಳಿದಳು. ನನಗೆ ಉತ್ತರ ಗೊತ್ತಾಗಲಿಲ್ಲ. ಬಾಯಿ ಒಣಗಿತು. ಮನೆಗೆ ಬಂದು ಅತ್ತೆ.

ಹೆಗ್ಗೋಡು ಅಂದರೆ ದೊಡ್ಡ ದೊಡ್ಡವರು ಬಂದು ಪಾಠ ಮಾಡೋ ಊರು. ಅಂಥಾ ಕಡೆ ನಾನು ಏನು ಕಲಿಸ್ತೀನಿ? ನನ್ನ ಮಗ, ನಿನಗೆ ಯಾಕೆ ಬೇಕಿತ್ತು, ಬಿಟ್ಟುಬಿಡು ಅಂತಾನೆ. ಮನೇಲಿ ನನ್ನ ಅತ್ತೆಗೂ ಇಷ್ಟ ಇಲ್ಲ. ಹಸೆ ಮದುವೆ ಮನೆಗೆ ಬರೆಯೋದು, ದುಡ್ಡಿಗೆ ಬರೆಯೋದಲ್ಲ, ಬೇರೆಯವರಿಗೆ ಯಾಕೆ ಅಂತಾರೆ. ಸಂಘದವರು ಮತ್ತೆ ಯಾವಾಗ ಅಂತ ಕೇಳ್ತಿದ್ದಾರೆ. ಫೀಸು ಎಷ್ಟು ಇಡಬೇಕು ಅಂತಲೂ ಕೇಳ್ತಾರೆ. ಮಾಡಲೋ, ಬಿಡಲೋ?

*

ಪ್ರಿಯ ತಂಗಿ,

ಮಾಡಿ. ಆದರೆ ಹೋದ ತಿಂಗಳು ಮಾಡಿದ ಹಾಗೆ ಬೇಡ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ನನ್ನ ಕಣ್ಣು ನಿಂತದ್ದು ಪತ್ರದ ಮೊದಲಲ್ಲೇ, ನಿಮ್ಮ ಅವ್ವನ ವಿಷಯ ಬರುವ ಕಡೆ. ಮೊದಲು ಅಕ್ಕಿ ಅರೆ. ಆಮೇಲೆ ನಾನು ಎಳೆದದ್ದರೊಳಗೆ ಬಣ್ಣ ತುಂಬು. ಆಮೇಲೆ ಬಾಗಿಲ ಹಿಂದೆ ನಿನ್ನದೇ ಒಂದು ಎಳೆ. ತಂಗಿ, ಇದು ಪಾಠಕ್ರಮ. ಕಾಲೇಜಿನಲ್ಲಿ ಶಿಕ್ಷಕರ ತರಬೇತಿಗೆ ಹೋದವರು ವರ್ಷಗಟ್ಟಲೆ ಓದಿ ತಿಳಿಯುವುದನ್ನು ನಿಮ್ಮ ಅವ್ವ ಕೈಯಿಂದಲೇ ತಿಳಿದಿದ್ದರು. ಬಣ್ಣದ ಹದ ಗೊತ್ತಿಲ್ಲದವಳಿಗೆ ಎಳೆ ಎಳೆಯಲು ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಎಳೆಗಳ ಮಧ್ಯೆ ಬಣ್ಣ ತುಂಬುತ್ತಾ ತುಂಬುತ್ತಾ ಮಗುವಿನ ಕಣ್ಣಿಗೆ ಆ ಅಂತರ ತಾನಾಗಿ ಕೂರುತ್ತದೆ ಎಂದೂ ಗೊತ್ತಿತ್ತು. ಮೊದಲ ಎಳೆ ಸೊಟ್ಟಗಾಗುತ್ತದೆ, ಸೊಟ್ಟಗಾದದ್ದನ್ನು ಹತ್ತು ಜನ ನೋಡಿದರೆ ಮಗು ಮುದುಡುತ್ತದೆ, ಅದಕ್ಕೆ ಬಾಗಿಲ ಹಿಂದಿನ ಮೂಲೆ. ಆ ಮೂಲೆಯನ್ನು ಆರಿಸಿದ ಹೆಂಗಸಿನ ಮಗಳು ನೀವು. ನಿಮಗೆ ಕಲಿಸಲು ಬರುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಆ ಭಾನುವಾರ ಆದದ್ದೇನು ಅಂದರೆ, ನೀವು ಅವ್ವನ ದಾರಿ ಬಿಟ್ಟು ಮೇಷ್ಟರ ದಾರಿ ಹಿಡಿದಿರಿ. ಶಾಲೆಯಲ್ಲಿ ಮೇಷ್ಟರು ಬೋರ್ಡಿನ ಮುಂದೆ ನಿಂತು ಬರೆಯುತ್ತಿದ್ದರು, ಮಕ್ಕಳು ನೋಡುತ್ತಿದ್ದರು. ತರಗತಿ ಅಂದಾಕ್ಷಣ ನಮಗೆಲ್ಲ ನೆನಪಾಗುವುದು ಅದೇ. ಎರಡು ಗಂಟೆ ನಿಮ್ಮ ಕೈ ಓಡಿತು, ಹದಿನೆಂಟು ಜನರ ಕೈ ಸುಮ್ಮನೆ ಕೂತಿತ್ತು. ಚಿತ್ತಾರ ಕಣ್ಣಿನಿಂದ ಕಲಿಯುವ ವಿದ್ಯೆಯಾಗಿದ್ದರೆ, ಮದುವೆ ಮನೆಗೆ ಬಂದು ಹಸೆಗೋಡೆ ನೋಡಿ ಊಟ ಮಾಡಿ ಹೋದವರೆಲ್ಲ ಇಷ್ಟು ಹೊತ್ತಿಗೆ ಬರೆಯಬೇಕಿತ್ತು.

ಇದು ನನಗೂ ಆಗಿದೆ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದ ಕಾಲದಲ್ಲಿ ನಾನೊಂದು ರಾತ್ರಿ ಶಾಲೆ ನಡೆಸುತ್ತಿದ್ದೆ. ಲಾಟೀನು ಹಚ್ಚಿ, ಬೋರ್ಡಿನ ಮೇಲೆ ಅಕ್ಷರಮಾಲೆಯನ್ನು ಮುದ್ದಾಗಿ ಬರೆದು ಓದಿಸುತ್ತಿದ್ದೆ. ಮೊದಲ ವಾರ ಇಪ್ಪತ್ತೆರಡು ಹೆಂಗಸರು ಬಂದರು, ಮೂರನೇ ವಾರಕ್ಕೆ ಆರು ಮಂದಿ ಉಳಿದರು. ಆ ಆರರಲ್ಲಿ ವಯಸ್ಸಾದ ಒಬ್ಬರು ಒಂದು ರಾತ್ರಿ ಹೇಳಿದರು: "ಅಮ್ಮಾ, ನನಗೆ ಮಗಳ ಊರಿನ ಬಸ್ಸಿನ ಬೋರ್ಡು ಓದಲು ಬಂದರೆ ಸಾಕು. ಪ್ರತಿ ಸಲ ಯಾರನ್ನಾದರೂ ಕೇಳೋದು ನಾಚಿಕೆ." ಮರುದಿನ ಬಸ್‌ ಸ್ಟ್ಯಾಂಡಿಗೆ ಹೋಗಿ ಹನ್ನೊಂದು ಊರುಗಳ ಹೆಸರು ಬರೆದುಕೊಂಡು ಬಂದೆ. ಅವರವರಿಗೆ ಬೇಕಾದ ಊರನ್ನು ಅವರವರೇ ಆರಿಸಿ ಸ್ಲೇಟಿನ ಮೇಲೆ ತಿದ್ದಿದರು. ಬಿಟ್ಟು ಹೋದವರಲ್ಲಿ ಒಂಬತ್ತು ಮಂದಿ ತಿರುಗಿ ಬಂದರು. ಕಲಿತದ್ದು ಇಂಥ ದಿನ, ಇಂಥ ಜಾಗದಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಗೊತ್ತಿದ್ದರೆ ಕೈಗೆ ಬೇರೆಯೇ ಬಲ ಬರುತ್ತದೆ.

ನಿಮ್ಮ ತರಗತಿಗೆ ಅಂಥ ದಿನ ಒಂದು ಇದ್ದೇ ಇದೆ, ನಾನು ಹುಡುಕಿ ಕೊಡಬೇಕಾಗಿಲ್ಲ. ಶೀಗಿ ಹುಣ್ಣಿಮೆ, ನಿಮ್ಮ ಭೂಮಿ ಹುಣ್ಣಿಮೆ. ಬಸುರಿ ಭೂಮಿಗೆ ಬಯಕೆಯ ಊಟ ಬಡಿಸಲು ಗದ್ದೆಗೆ ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಗಳ ಮೇಲೆ ದೀವರ ಹೆಂಗಸರು ಚಿತ್ತಾರ ಬರೆಯುತ್ತಾರಲ್ಲ, ನಿಮ್ಮ ತರಗತಿ ಹೋಗಿ ಮುಟ್ಟಬೇಕಾದ ಜಾಗ ಅದು. ಕೇರಿಯ ಹುಡುಗಿಯರು ಈ ವರ್ಷ ತಮ್ಮ ಮನೆಯ ಬುಟ್ಟಿಯನ್ನು ತಾವೇ ಬರೆಯಲಿ. ದೊಡ್ಡ ಬುಟ್ಟಿ ಅಮ್ಮಂದಿರು ಬರೆದರೂ ಚಿಕ್ಕ ಬುಟ್ಟಿ ಇವರದ್ದಾಗಲಿ.

ಕಾಲವೂ ಇದಕ್ಕೆ ಹೊಂದುತ್ತದೆ. ನೀವು ತರಗತಿ ಮಾಡಿದ್ದು ಆಷಾಢದಲ್ಲಿ. ಮಲೆನಾಡಿನ ಆ ಮಳೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕೆಮ್ಮಣ್ಣಿನ ಗೋಡೆ ಒಣಗುವುದೆಲ್ಲಿ? ನೆಟ್ಟಿಯ ಕೆಲಸದಲ್ಲಿ ಇಡೀ ವಾರ ಸೊಂಟ ಬಗ್ಗಿಸಿದ ಹುಡುಗಿಯರು ಭಾನುವಾರ ನೆಟ್ಟಗೆ ಕೂರುವುದಾದರೂ ಹೇಗೆ? ಬಿಳಿ ಹರಡಿದ್ದರಲ್ಲಿ ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ, ತಿಂಗಳು ಸರಿಯಿರಲಿಲ್ಲ ಅಷ್ಟೆ. ಚೌತಿಯಿಂದ ಶೀಗಿ ಹುಣ್ಣಿಮೆಗೆ ನಲವತ್ತು ದಿನ. ಲೆಕ್ಕ ಹಾಕಿದರೆ ಐದಾರು ಭಾನುವಾರ ಸಿಗುತ್ತವೆ. ನೆಟ್ಟಿ ಮುಗಿದಿರುತ್ತದೆ, ಅಡಿಕೆ ಸುಲಿಯುವ ಕೆಲಸ ಇನ್ನೂ ಶುರುವಾಗಿರುವುದಿಲ್ಲ. ನಿಮ್ಮ ಕಡೆ ಹೆಂಗಸರ ಕೈ ಸ್ವಲ್ಪ ಖಾಲಿ ಇರುವ ಸಮಯ ಇದು. ಅದನ್ನು ಬಿಡಬೇಡಿ.

ಹದಿನೆಂಟು ಜನ ಬೇಡ. ಒಬ್ಬ ಹೆಂಗಸು ಒಂದು ಹೊತ್ತಿಗೆ ನಿಜವಾಗಿ ನೋಡಬಹುದಾದದ್ದು ಎಂಟು ಜನರ ಕೈಯನ್ನು. ಇನ್ನೂ ಹೆಚ್ಚು ಜನ ಬೇಕೇ ಬೇಕು ಎಂದು ಸಂಘದವರು ಹಟ ಹಿಡಿದರೆ, ನಿಮ್ಮ ಹಾಗೆ ಹಸೆ ಬರೆಯುವ ಇನ್ನೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮದುವೆ ಮನೆಯಲ್ಲಿ ನೀವು ಒಬ್ಬರೇ ಬರೆಯುತ್ತೀರಾ? ಇಲ್ಲವಲ್ಲ. ಒಬ್ಬರು ಎಳೆಯುತ್ತಾರೆ, ಒಬ್ಬರು ತುಂಬುತ್ತಾರೆ, ಒಬ್ಬರು ಹಾಡು ಹೇಳುತ್ತಾರೆ. ಸಮುದಾಯ ಭವನಕ್ಕೆ ಬಂದ ಕೂಡಲೇ ಒಬ್ಬಂಟಿಯಾಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಮೊದಲ ಭಾನುವಾರ ಚಿತ್ರ ಬೇಡವೇ ಬೇಡ. ಹಿಂದಿನ ರಾತ್ರಿ ನೆನೆಹಾಕಿದ ಅಕ್ಕಿಯನ್ನು ಅವರಿಂದಲೇ ಅರೆಸಿ. ನೀರು ಹೆಚ್ಚಾದರೆ ಬಿಳಿ ಹೇಗೆ ಹರಿಯುತ್ತದೆ, ಗಟ್ಟಿಯಾದರೆ ಹೇಗೆ ಸಿಪ್ಪೆ ಏಳುತ್ತದೆ ಎಂದು ಅವರೇ ತಪ್ಪು ಮಾಡಿ ನೋಡಲಿ. ಅಕ್ಕಿಯನ್ನು ಕರಿಕಲು ಆಗುವವರೆಗೆ ಹುರಿದು ಅರೆದರೆ ಕಪ್ಪು ಬರುತ್ತದೆ ಎನ್ನುವುದು ಬೆಂಗಳೂರಿನವರಿಗೆ ಮಾತ್ರ ಅಲ್ಲ, ಈಗಿನ ನಿಮ್ಮ ಕೇರಿಯ ಹುಡುಗಿಯರಿಗೂ ಹೊಸದಾಗಿರಬಹುದು. ಬಿಳಿಯೂ ಕಪ್ಪೂ ಒಂದೇ ಅಕ್ಕಿಯಿಂದ! ಅದನ್ನು ಮೊದಲ ಸಲ ಕೇಳಿದಾಗ ನನಗೇ ಮೈ ಜುಮ್ಮೆಂದಿತ್ತು, ಮಕ್ಕಳಿಗೆ ಹೇಗಿರಬೇಡ. ಗುರಿಗೆಯ ಹಳದಿ ಎಷ್ಟಿದೆಯೋ ಅಷ್ಟನ್ನು ಒಂದು ಕರಟದಲ್ಲಿ ಇಡಿ. ಆಮೇಲೆ ಪುಂಡಿ ನಾರನ್ನು ಅವರ ಕೈಗೆ ಕೊಡಿ. ಅಂಗಡಿಯ ಬ್ರಷ್ಷು ಸುಲಭ ಎಂದು ಯಾರಾದರೂ ಹೇಳುತ್ತಾರೆ. ಕೇಳಬೇಡಿ. ತಮ್ಮ ಕುಂಚವನ್ನು ತಾವೇ ಕಟ್ಟಿಕೊಂಡವರು ಮನೆಗೆ ಹೋಗಿಯೂ ಅದನ್ನು ಒಂದು ಸಲ ಹಿಡಿದು ನೋಡುತ್ತಾರೆ.

ಭವನದ ಗೋಡೆಯನ್ನೂ ಸದ್ಯಕ್ಕೆ ಮರೆಯಿರಿ. ಹಳೆ ಮೊರಕ್ಕೋ ದಪ್ಪ ರಟ್ಟಿಗೋ ಕೆಮ್ಮಣ್ಣು ಬಳಿದು ಒಬ್ಬೊಬ್ಬರಿಗೆ ಒಂದೊಂದು ಕೊಡಿ. ಅದೇ ಅವರ ಬಾಗಿಲ ಹಿಂದಿನ ಮೂಲೆ. ಎರಡನೇ ಭಾನುವಾರ ನೀವು ಎಳೆದುಕೊಟ್ಟದ್ದರೊಳಗೆ ಬಣ್ಣ ತುಂಬುವುದು, ಕೊನೆಯ ಅರ್ಧ ಗಂಟೆ ಒಂದೇ ಒಂದು ಎಳೆ. ಮೂರನೆಯದಕ್ಕೆ ಎಳೆಯ ಪಕ್ಕಕ್ಕೆ ಎಳೆ. ಅಲ್ಲಿಂದ ಮುಂದೆ ಏನು ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ನಾನು ಬಾಯಿ ಹಾಕುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅವರ ಎಳೆ ಸೊಟ್ಟಗಾದಾಗ, ಕೊಡು ಇಲ್ಲಿ ಎಂದು ನಾರನ್ನು ಕಸಿದುಕೊಂಡು ನೀವೇ ತಿದ್ದಬೇಡಿ. ಕೆಲಸ ಬಲ್ಲವರಿಗೆ ಇದು ಬಹಳ ಕಷ್ಟ, ಕೈ ತಡೆಯುವುದೇ ಇಲ್ಲ. ಆದರೆ ನೀವು ತಿದ್ದಿದ ಕ್ಷಣ ಅದು ನಿಮ್ಮ ಎಳೆಯಾಯಿತು, ಅವಳು ಮತ್ತೆ ನೋಡುವವಳಾದಳು. ಕೈಯನ್ನು ಹಿಂದೆ ಕಟ್ಟಿಕೊಂಡು ಹೇಳಿ: ನಾರನ್ನು ಒತ್ತಬೇಡ, ಎಳಿ. ಅಷ್ಟು ಸಾಕು. ಸೊಟ್ಟ ಎಳೆಯ ಮೇಲೆ ಮತ್ತೆ ಕೆಮ್ಮಣ್ಣು ಸವರಿ ಅವಳೇ ಇನ್ನೊಂದು ಎಳೆಯಲಿ. ಮೊಬೈಲುಗಳು ಮೊದಲ ಎರಡು ಗಂಟೆ ಒಂದು ಬುಟ್ಟಿಯಲ್ಲಿ ಇರಲಿ. ಕೊನೆಗೆ ಫೋಟೋ ತೆಗೆದುಕೊಳ್ಳಲಿ, ಅವರವರು ಬರೆದದ್ದರ ಫೋಟೋ.

ಈಗ ಆ ಇಂಚಿನ ಪ್ರಶ್ನೆ. ನಿಮ್ಮನ್ನು ಅಳಿಸಿದ ಪ್ರಶ್ನೆ ಅದು ಎಂದು ನನಗೆ ಗೊತ್ತು. ಆದರೆ ಅವತ್ತು ಅಲ್ಲಿದ್ದವರಲ್ಲಿ ಕಲಿಯಬೇಕೆಂದು ಬಂದಿದ್ದವಳು ಅವಳೇ ಇರಬೇಕು. ನಿಮ್ಮ ಕೈಗೆ ಗೊತ್ತಿರುವುದನ್ನು ಬಾಯಿಂದ ಹೇಳಿ ಎಂದು ಅವಳು ಕೇಳಿದಳು. ಕೈಗೆ ಗೊತ್ತಿದ್ದದ್ದು ಬಾಯಿಗೆ ಒಂದೇ ದಿನಕ್ಕೆ ಬರುವುದಿಲ್ಲ. ಅದಕ್ಕೊಂದು ಉಪಾಯ ಮಾಡಿ. ತರಗತಿಗೆ ಮೊದಲು ಒಂದು ದಿನ ಮನೆಯಲ್ಲಿ, ಬರೆಯಲು ಓದಲು ಬರುವ ಯಾರಾದರೂ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನೀವು ಎಳೆಯುತ್ತ ಹೋಗಿ, ಎಳೆಯುತ್ತ ಏನು ಮಾಡುತ್ತಿದ್ದೀರೆಂದು ಬಾಯಿಬಿಟ್ಟು ಹೇಳುತ್ತ ಹೋಗಿ. ಮಗು ಬರೆದುಕೊಳ್ಳಲಿ. ನೀವು ಸುಮ್ಮನಾದಾಗಲೆಲ್ಲ, ಈಗ ಯಾಕೆ ನಿಲ್ಲಿಸಿದಿರಿ, ಈಗ ಯಾಕೆ ಕೈ ತಿರುಗಿಸಿದಿರಿ ಎಂದು ಕೇಳಲಿ. ಉಸಿರು ಎಲ್ಲಿ ಹಿಡಿಯುತ್ತೀರಿ, ಯಾವ ಬೆರಳು ಗೋಡೆಗೆ ತಾಗುತ್ತದೆ, ನಾರನ್ನು ಎಷ್ಟು ಎಳೆಗೊಮ್ಮೆ ಬಣ್ಣದಲ್ಲಿ ಅದ್ದುತ್ತೀರಿ, ಮೇಲಿಂದ ಕೆಳಗೋ ಕೆಳಗಿಂದ ಮೇಲೋ, ನಲವತ್ತು ವರ್ಷದಲ್ಲಿ ನಿಮ್ಮನ್ನು ಯಾರೂ ಕೇಳಿರಲಿಕ್ಕಿಲ್ಲ. ಆ ಸಂಜೆ ನಿಮ್ಮ ಕೈಯಲ್ಲಿ ಎರಡು ಹಾಳೆ ಇರುತ್ತದೆ. ನಿಮ್ಮ ಪಾಠ ಅದು.

ಅಳತೆಗೆ ಇಂಚು ಬೇಕಾಗಿಲ್ಲ. ಅವ್ವ ಗೇಣು ಹಾಕಿ ನೋಡುತ್ತಿದ್ದರೋ, ಬೆರಳಿನಲ್ಲಿ ಅಳೆಯುತ್ತಿದ್ದರೋ ನೆನಪು ಮಾಡಿಕೊಳ್ಳಿ. ಎರಡು ಬೆರಳು ಎನ್ನುವುದೂ ಅಳತೆಯೇ. ಗೋಡೆ ಬದಲಾದರೂ ಬೆರಳು ಬದಲಾಗುವುದಿಲ್ಲ, ಆದ್ದರಿಂದ ಒಬ್ಬ ಹೆಂಗಸು ಬರೆದ ಹಸೆಯಲ್ಲಿ ಎಲ್ಲ ಎಳೆಗಳೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ.

ಹೆಗ್ಗೋಡು ದೊಡ್ಡವರ ಊರು ಎಂದು ಹೆದರಿದ್ದೀರಿ. ನಿಮ್ಮ ಊರಿನ ಕತೆಯನ್ನು ನಾನು ನಿಮಗೇ ಹೇಳಬೇಕಾಯಿತಲ್ಲ! ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು 1949ರಲ್ಲಿ ಕಟ್ಟಿದವರು ತೋಟ ಗದ್ದೆ ಮಾಡಿಕೊಂಡಿದ್ದ ಊರಿನವರು. ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ನಡುವೆ ಮೂವತ್ತೊಂದು ವರ್ಷ ಅವರು ತಮಗೆ ಬಂದಷ್ಟನ್ನು ಆಡುತ್ತ, ಕಲಿಯುತ್ತ, ಒಬ್ಬರಿಗೊಬ್ಬರು ಹೇಳಿಕೊಡುತ್ತ ಹೋದರು. 1973ರಲ್ಲಿ ಚಿತ್ರಸಮಾಜ ಮಾಡಿ ದೇಶವಿದೇಶದ ಸಿನಿಮಾ ತರಿಸಿದರು, ಹಳ್ಳಿಯ ಜನ ಕೂತು ನೋಡಿ ಮಾತಾಡಿದರು. ಆ ಸಂಘ ಕಟ್ಟಿದವರಲ್ಲಿ ಒಬ್ಬರಾದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದದ್ದು ಹಳ್ಳಿಯವರಿಗೆ ಇದೆಲ್ಲ ಯಾಕೆ ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳದ ಬಾಳಿಗೆ. ಹತ್ತಿರದ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಂಗಸರು ನೇಯ್ಗೆ ಮಾಡುತ್ತಾರೆ, ಬಣ್ಣ ಹಾಕುತ್ತಾರೆ. ಕೈಮಗ್ಗ ನಿಮ್ಮ ಸೀಮೆಯ ಹೆಂಗಸರ ಹುಟ್ಟುವಿದ್ಯೆ ಆಗಿರಲಿಲ್ಲ, ಕೂತು ಕಲಿತರು. ಅಡಿಕೆ ಬೇಯಿಸಿದ ಚೊಗರು ಮನೆ ಮನೆಯ ಹಿತ್ತಿಲಲ್ಲಿ ಇರುವ ವಸ್ತು, ಅದೇ ಅಲ್ಲಿ ಸೀರೆ ಜುಬ್ಬಗಳ ಬಣ್ಣ. ಇಂಥ ಊರಿನಲ್ಲಿ ಕೆಮ್ಮಣ್ಣು, ಅಕ್ಕಿ, ಪುಂಡಿ ನಾರು ಹಿಡಿದು ಕೂತ ಹೆಂಗಸು ದೊಡ್ಡವರ ಸಾಲಿಗೆ ಸೇರಿದವಳಲ್ಲ ಎಂದು ನಿಮಗೆ ಯಾರು ಹೇಳಿದರು?

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಅವರು ಅಡ್ಡ ಬರುತ್ತಿದ್ದಾರೆ ಎಂದು ತಿಳಿಯಬೇಡಿ. ಹಸೆ ಎಂದರೆ ಅವರಿಗೆ ಅಲಂಕಾರದ ಚಿತ್ರವಲ್ಲ, ಮದುಮಕ್ಕಳು ಮುಂದೆ ಕೂರುವ ಗೋಡೆ ಅದು. ಅದನ್ನು ಹೋಟೆಲಿನ ಗೋಡೆಗೆ, ಕೈಚೀಲಕ್ಕೆ ಅಂಟಿಸುವುದನ್ನು ಅವರು ಕಂಡಿರಬಹುದು, ಬರೆದವರ ಹೆಸರೂ ಇಲ್ಲದೆ. ಆ ನೋವು ನ್ಯಾಯವಾದದ್ದು. ನೀವೊಂದು ಸಂಜೆ ಅವರ ಕಾಲ ಬುಡದಲ್ಲಿ ಕೂತು ಕೇಳಿ: ಅತ್ತೆ, ಯಾವುದನ್ನು ಕಲಿಸಬಹುದು, ಯಾವುದನ್ನು ಬೇಡ? ಮದುವೆ ಹಸೆಯ ನಡುವಿನದ್ದನ್ನು ಸುಮ್ಮನೆ ಬರೆಯಬಾರದು ಎಂದು ಅವರು ಹೇಳಿದರೆ ಅದನ್ನು ತರಗತಿಗೆ ತರಬೇಡಿ. ಕಲಿಸುವವಳಿಗೆ ಇಷ್ಟು ಮಾತ್ರ ಎನ್ನುವ ಅಧಿಕಾರ ಇದೆ. ಬೇರೆಯವರಿಗೂ ಕಲಿಸಬಹುದು ಎಂದು ನಾನು ನಂಬುತ್ತೇನೆ, ಆದರೆ ಅದಕ್ಕೊಂದು ಷರತ್ತು. ಮೊದಲ ದಿನ, ಅಕ್ಕಿ ಅರೆಯುವ ಮೊದಲೇ, ಎಲ್ಲರ ಮುಂದೆ ಹೇಳಿ: ಇದು ದೀವರ ಹೆಂಗಸರು ತಲೆಮಾರಿನಿಂದ ಕಾಪಾಡಿಕೊಂಡು ಬಂದದ್ದು, ನನಗೆ ನನ್ನ ಅವ್ವ ಕೊಟ್ಟದ್ದು, ನೀವು ಎಲ್ಲಿ ಬರೆದರೂ ಈ ಮಾತು ಹೇಳಬೇಕು. ಮಲೆನಾಡಿನ ಕಲೆ ಎಂದಷ್ಟೇ ಹೇಳಿ ಬಿಡಬೇಡಿ. ಹೆಸರು ಹೇಳದೆ ಕೊಟ್ಟದ್ದನ್ನು ಲೋಕ ಬೇಗ ತನ್ನದು ಮಾಡಿಕೊಳ್ಳುತ್ತದೆ. ಬೆಂಗಳೂರಿನಿಂದ ಬಂದವರು, ಟೀಚರು, ಇವರ ಮನೆಯಲ್ಲಿ ಭೂಮಣ್ಣಿ ಬುಟ್ಟಿ ಇರುವುದಿಲ್ಲ. ಅವರು ಮೊರದ ಮೇಲೆ ಬರೆಯಲಿ, ಹುಣ್ಣಿಮೆಯ ಬೆಳಗ್ಗೆ ನಿಮ್ಮ ಜೊತೆ ಗದ್ದೆಯ ಅಂಚಿಗೆ ಬಂದು ನೋಡಲಿ.

ಪಿಯುಸಿ ಹುಡುಗನನ್ನು ಕಳಿಸಬೇಡಿ. ಈಚಿನ ವರ್ಷಗಳಲ್ಲಿ ನಿಮ್ಮ ಸೀಮೆಯಲ್ಲಿ ಗಂಡಸರೂ ಚಿತ್ತಾರ ಕಲಿತು ಬರೆಯುತ್ತಿದ್ದಾರೆ. ಅವನೂ ಅಕ್ಕಿ ಅರೆಯುವುದರಿಂದಲೇ ಶುರು ಮಾಡಲಿ.

ಫೀಸಿನ ವಿಷಯ ನೀವು ಮಾತಾಡಬೇಡಿ, ಸಂಘದವರೇ ಮೊದಲೇ ಬರೆದು ಹಾಕಲಿ. ಕೇರಿಯ ಹುಡುಗಿಯರಿಗೆ ಒಂದು ಸೇರು ಅಕ್ಕಿ, ಹಳೆ ಮೊರ. ಹೊರಗಿನವರಿಗೆ ದುಡ್ಡು. ನಿಮ್ಮ ಒಂದು ದಿನದ ಕೂಲಿಗಿಂತ ಕಡಿಮೆ ಸಿಗುವ ಹಾಗೆ ಮಾತ್ರ ಒಪ್ಪಬೇಡಿ. ದುಡ್ಡು ತೆಗೆದುಕೊಂಡರೆ ಅವ್ವನ ವಿದ್ಯೆಗೆ ಕುಂದು ಎಂದು ಮನಸ್ಸು ಕುಟುಕಿದರೆ ನೆನಪಿಡಿ, ಆ ಭಾನುವಾರ ನೀವು ಬಿಟ್ಟು ಬಂದ ಕೆಲಸಕ್ಕೂ ಬೆಲೆ ಇದೆ. ಮಗನಿಗೆ ಈಗ ಏನೂ ಹೇಳಬೇಡಿ. ಅಮ್ಮ ಅತ್ತದ್ದನ್ನು ನೋಡಲಾರದೆ ಆಡಿದ ಮಾತು ಅದು. ಮೊರಗಳನ್ನು ಭವನಕ್ಕೆ ಸಾಗಿಸುವ ಕೆಲಸ ಅವನಿಗೆ ವಹಿಸಿ.

ಅತ್ತೆಯವರನ್ನು ಒಂದು ಭಾನುವಾರ ಕರೆದುಕೊಂಡು ಹೋಗಿ. ಹುಡುಗಿಯರು ಬಣ್ಣ ತುಂಬುವಾಗ ಅವರು ಹಸೆಯ ಹಾಡು ಹೇಳಲಿ. ಹಾಡಿಲ್ಲದೆ ಬರೆದ ಹಸೆ ಅವರ ಕಾಲದಲ್ಲಿ ಇರಲೇ ಇಲ್ಲ. ಕೂರಲು ಅವರಿಗೊಂದು ಕುರ್ಚಿ ಹಾಕಿಸಿ, ಆ ವಯಸ್ಸಿನಲ್ಲಿ ನೆಲಕ್ಕೆ ಕೂತು ಏಳುವುದು ಮಂಡಿಗೆ ಕಷ್ಟ.

ಮತ್ತೆ, ಆ ಇಂಚಿನ ಹುಡುಗಿಯ ಮನೆಗೆ ನೀವೇ ಹೋಗಿ ಕರೆಯಿರಿ. ಉತ್ತರ ತಂದಿದ್ದೇನೆ ಎನ್ನಿ. ನಿಮ್ಮ ಗೇಣಿನ ಪಕ್ಕದಲ್ಲಿ ಅವಳ ಗೇಣು ಇಟ್ಟು ನೋಡಿ. ಅವಳದ್ದು ಚಿಕ್ಕದಿದ್ದರೆ ಅವಳ ಹಸೆಯ ಎಳೆಗಳು ಒಂದಕ್ಕೊಂದು ಸ್ವಲ್ಪ ಹತ್ತಿರ ಬರುತ್ತವೆ. ಬರಲಿ ಬಿಡಿ.